ಮುಖಫಲಕದ ಅಕ್ಷರ

ಮನೆಯಲ್ಲಿಯೇ ವಿದ್ಯುನ್ಮಾನ ವಾದ್ಯಗಳನ್ನು ಕಟ್ಟುವ ಹವ್ಯಾಸಿಗಳು ಒಳಗಿನ ಜೋಡಣೆಗೆ ತಿಂಗಳುಗಟ್ಟಲೆ ಶ್ರಮಿಸಿ, ಮುಖಫಲಕವನ್ನು ಬರಿದಾಗಿ ಬಿಡುವುದನ್ನು ನಾವು ಕಂಡಿದ್ದೇವೆ. ಕಟ್ಟಿದಾತನಿಗೆ ಗುಂಡಿಗಳೆಲ್ಲ ಬಾಯಿಪಾಠ. ಆತನ ತರುವಾಯ ಮನೆಯವರು ಆ ಪೆಟ್ಟಿಗೆಯನ್ನು ನುಡಿಸುವುದೆಂತು?

ಜರ್ಮನಿಯ ಡೀಟರ್ ಡೋಪ್ಫರ್ ಅವರು 1990ರ ದಶಕದ ಮಧ್ಯದಲ್ಲಿ ರೂಢಿಗೆ ತಂದ ಯೂರೋರ‍್ಯಾಕ್ ಸಿಂಥಸೈಜರ್ ಪದ್ಧತಿಯಲ್ಲಿ ಫಲಕದ ಎತ್ತರ 128.5 ಮಿಲಿಮೀಟರ್. ಅದರಲ್ಲಿ ಒತ್ತಾಗಿರುವ ರಂಧ್ರಗಳಲ್ಲಿ ಸಂಕೇತವು ಒಳಬರುವುದಾವುದು, ಹೊರಹೋಗುವುದಾವುದು ಎಂದು ಹೆಸರಿಲ್ಲದೆ ತಿಳಿಯದು.

ಲೇಸರ್ ಮುದ್ರಣದ ಬರಹವನ್ನು ಕನ್ನಡಿಯ ಬಿಂಬದಂತೆ ತಿರುಗಿಸಿ ನುಣುಪು ಕಾಗದದ ಮೇಲೆ ತೆಗೆದು, ಶುಚಿಗೊಳಿಸಿದ ಅಲ್ಯೂಮಿನಿಯಂ ತಗಡಿಗೆ ಇಸ್ತ್ರಿಪೆಟ್ಟಿಗೆಯಿಂದ ಒತ್ತಿದರೆ ಮಸಿ ಕರಗಿ ಲೋಹವನ್ನು ಕಚ್ಚುವುದು. ತಿರುಗಿಸಲು ಮರೆತರೆ ಶ್ರಮವೆಲ್ಲ ವ್ಯರ್ಥ! ಕಾಗದವನ್ನು ನೀರಿನಲ್ಲಿ ನೆನೆಸಿ ಬಿಡಿಸಿ, ಒಣಗಿದ ಮೇಲೆ ಪಾರದರ್ಶಕ ವಾರ್ನಿಷನ್ನು ಸಿಂಪಡಿಸತಕ್ಕದ್ದು. ಬೆರಳು ದಿನವೂ ತಾಗುವೆಡೆ ಎರಡು ಪದರ.