ಓದಲಾಗದ ಆಜ್ಞೆಯನ್ನು ಪಾಲಿಸುವುದು ಹೇಗೆ?

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಕನ್ನಡ ಮನೆಮಾತಿನ ಕಪ್ಪಿಲಿಯರು ಇದ್ದಾರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅವರು ಆಡುವುದು ಕನ್ನಡ, ಓದುವುದು ತಮಿಳು. ಕಳೆದ ಬೇಸಗೆ ರಜೆಯಲ್ಲಿ ಅಲ್ಲಿನ ದ್ರಾಕ್ಷಿ ತೋಟವೊಂದಕ್ಕೆ ಹೋಗಿದ್ದಾಗ ಹಿರಿಯ ರೈತರೊಬ್ಬರು ಕೀಟನಾಶಕದ ಡಬ್ಬಿ ತೋರಿಸಿ, "ಇದು ಹಳದಿ ಗುರುತಿನದು ಮಾಷ್ಟ್ರೇ, ನಡುತರದ್ದು. ಕೆಂಪಾದರೆ ಮಾತ್ರ ಹೆದರಬೇಕು" ಎಂದರು. ನಮ್ಮ ದೇಶದ ನಿಯಮದಲ್ಲಿ ಕೆಂಪಿನ ಬೆನ್ನಿಗೇ ಬರುವ ಘೋರ ವಿಷಕ್ಕೆ ಹಳದಿ ಗುರುತು. ಅದರ ಕೆಳಗೆ ನೀಲಿ, ಕೊನೆಗೆ ಹಸಿರು. ಡಬ್ಬಿಯ ಜತೆ ಬಂದ ಹಾಳೆಯನ್ನು ಅವರು ಬಿಡಿಸಿಯೇ ಇರಲಿಲ್ಲ. ಬಿಡಿಸಿದರೆ ಸಾಸಿವೆಯಷ್ಟು ಸಣ್ಣ ಅಕ್ಷರ. ಒಂಬತ್ತನೇ ತರಗತಿಯಲ್ಲಿರುವ ಮೊಮ್ಮಗನಿಂದ ತಮಿಳು ಭಾಗ ಓದಿಸಿದೆ. ಎರಡನೇ ಸಾಲಿನಲ್ಲೇ ಹುಡುಗ ಮುಗ್ಗರಿಸಿದ.

"ಎಷ್ಟು ಹೇಳಿದರೂ ರೈತರು ಕೇಳುವುದಿಲ್ಲ" ಎಂಬ ದೂರು ಹಳೆಯದು. ಆದರೆ ಆಜ್ಞೆ ಮೀರಿದರೆ ಶಿಕ್ಷೆ ತಪ್ಪದ ಸೈನ್ಯದಲ್ಲೂ ಇದೇ ತೊಡಕು ಕಂಡುಬಂದಿತ್ತು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಎಂ-16 ಬಂದೂಕುಗಳು ಹೋರಾಟದ ನಡುವೆಯೇ ಕಚ್ಚಿಕೊಂಡು ನಿಂತವು. ಶುಚಿಗೊಳಿಸುವ ಸಾಮಗ್ರಿಯ ಕೊರತೆ, ಗುಂಡಿನ ಮದ್ದಿನ ಬದಲಾವಣೆ ಮುಖ್ಯ ಕಾರಣಗಳು. ಪುಸ್ತಕದ ಮೇಲೆಯೇ ಎಲ್ಲ ಹೊರೆ ಹಾಕಲಾಗದು. ಆದರೂ 1968ರಲ್ಲಿ ಸೈನ್ಯವು ವಿಲ್ ಐಸ್ನರ್ ಎಂಬ ವ್ಯಂಗ್ಯಚಿತ್ರಕಾರನಿಂದ ಚಿತ್ರಕಥೆಯ ರೂಪದ ಕೈಪಿಡಿ ಬರೆಸಿ ಜವಾನರಿಗೆ ಹಂಚಿತು. ಆ ಸೇನಾಧಿಕಾರಿಗಳಿಗೆ ಅದರಿಂದ ಗೌರವ ಕಡಿಮೆಯಾದಂತೆ ತೋರಲಿಲ್ಲ! 1975ರಲ್ಲಿ ಅಲ್ಲಿನ ನೌಕಾಪಡೆಗಾಗಿ ಕಿನ್‌ಕೇಡ್ ಮತ್ತು ಸಂಗಡಿಗರು ವಾಕ್ಯದ ಉದ್ದ, ಪದದ ಉದ್ದಗಳನ್ನು ಎಣಿಸಿ, ಕೈಪಿಡಿಯೊಂದು ಎಷ್ಟನೇ ತರಗತಿ ಓದಿದವನಿಗೆ ಅರ್ಥವಾದೀತೆಂದು ಅಳೆಯುವ ಸೂತ್ರವನ್ನೇ ರಚಿಸಿದರು.

ಕನ್ನಡ ಅಧ್ಯಾಪಕನಾದ ನಾನು ಒಪ್ಪಿಕೊಳ್ಳಲೇಬೇಕಾದ ಮಾತೊಂದಿದೆ. ಕಂಬಂನ ಆ ಮನೆಗೆ ಕನ್ನಡದ ಹಾಳೆ ಕೊಟ್ಟರೆ ಪ್ರಯೋಜನವಿಲ್ಲ; ಅವರಿಗೆ ಬೇಕಾದುದು ದಪ್ಪಕ್ಷರದ ಸರಳ ತಮಿಳು. ಕಾಸರಗೋಡಿನ ಸಂಗತಿ ಬೇರೆ. ಇಲ್ಲಿ ಕನ್ನಡದಲ್ಲೇ ಓದು ಕಲಿತವರು ಸಾವಿರಾರು ಮಂದಿ. ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಭಾಷಾ ಕಾನೂನೇ ಕೊಟ್ಟಿದೆ. ಹಾಗಿದ್ದೂ ಮಲಯಾಳದ ಸೂಚನಾಪತ್ರ ಹಿಡಿದು ನನ್ನ ವಿದ್ಯಾರ್ಥಿಗಳ ತಂದೆತಾಯಂದಿರು ಶಾಲೆಯ ಜಗಲಿಗೆ ಬರುವುದು ತಪ್ಪಿಲ್ಲ. ಎಂಡೋಸಲ್ಫಾನಿನ ನೋವುಂಡ ಜಿಲ್ಲೆಯಲ್ಲಿ ವಿಷದ ಡಬ್ಬಿಯ ಮೇಲಿನ ಮಾತು ಯಾರಿಗೆ ಅರ್ಥವಾಗುತ್ತದೆಂದು ಕೇಳುವುದು ಅತಿಯಲ್ಲ. ಅಚ್ಚಿಗೆ ಕೊಡುವ ಮೊದಲು ಇಂತಹ ಹಾಳೆಯನ್ನು ಏಳನೇ ತರಗತಿಯ ಮಕ್ಕಳಿಂದ ಒಮ್ಮೆ ಓದಿಸಿ ನೋಡಲಿ. ಖರ್ಚಿಲ್ಲದ ಪರೀಕ್ಷೆ, ನಮ್ಮ ಶಾಲೆಯ ಬಾಗಿಲು ತೆರೆದೇ ಇದೆ.