ಕಾಫಿ ಕುಡಿದವನೊಬ್ಬ, ಹೆಸರು ಇನ್ನೊಬ್ಬನಿಗೆ

ಈ ಬ್ಲಾಗಿಗೆ ಮೊದಲಿನಿಂದಲೂ ಬರುತ್ತಿರುವವರು ಗಮನಿಸಿರಬಹುದು. ಮೇಲ್ಗಡೆ ಬ್ಲಾಗಿನ ಹೆಸರಿನ ಕೆಳಗೆ ಎರಡು ವರ್ಷದಿಂದ ಒಂದು ಅಡಿಬರಹ ಇತ್ತು. ಗಣಿತಜ್ಞ ಅಂದರೆ ಕಾಫಿಯನ್ನು ಪ್ರಮೇಯಗಳನ್ನಾಗಿ ಮಾಡುವ ಯಂತ್ರ ಅಂತ. ಪಕ್ಕದಲ್ಲೇ ಪಾಲ್ ಎರ್ದೋಶ್ ಅಂತ ಹೆಸರು. ಹೋದ ಭಾನುವಾರ ಅದನ್ನು ಕಿತ್ತುಹಾಕಿದೆ. ಇಬ್ಬರು ಬ್ಲಾಗಿಗ ಮಿತ್ರರು ಮೇಲ್ ಮಾಡಿ "ಯಾಕ್ರೀ ತೆಗೆದ್ರಿ, ಚೆನ್ನಾಗಿತ್ತಲ್ಲ" ಎಂದು ಕೇಳಿದರು. ಇಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಇಲ್ಲೇ ಬರೆದುಬಿಡುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸ್ವಲ್ಪ ಖಾರವೂ ಇದೆ. ಈಗಲೇ ಹೇಳಿದ್ದೇನೆ.

ಮೊದಲನೆಯದಾಗಿ, ಆ ಮಾತು ಎರ್ದೋಶನದ್ದಲ್ಲ. ಅವನ ಗೆಳೆಯ ಆಲ್ಫ್ರೆಡ್ ರೇನ್ಯಿಯದ್ದು. ಎರ್ದೋಶ್‌ಗೆ ಆ ಮಾತು ಇಷ್ಟವಾಗಿ ಹೋದಲ್ಲೆಲ್ಲ ಹೇಳಿದ, ಕೇಳಿದವರು ಅವನ ಹೆಸರಿಗೇ ಅಂಟಿಸಿದರು. ಇವರಿಬ್ಬರ ಇನ್ನೊಬ್ಬ ಗೆಳೆಯ ಪಾಲ್ ತುರಾನ್ ಆ ಮಾತಿಗೆ ಒಂದು ಬಾಲವನ್ನೂ ಸೇರಿಸಿದ್ದ: ನೀರುಕಾಫಿ ಸಿಕ್ಕರೆ ಬರೇ ಪೂರ್ವಪ್ರಮೇಯ ಹುಟ್ಟೀತು, ಪ್ರಮೇಯ ಹುಟ್ಟಲಾರದು ಅಂತ. (ಜರ್ಮನ್ ಭಾಷೆಯಲ್ಲಿ 'ಸಾಟ್ಸ್' ಅಂದರೆ ಪ್ರಮೇಯವೂ ಹೌದು, ಕಾಫಿ ಚರಟವೂ ಹೌದು. ಜರ್ಮನ್ ಬಲ್ಲವರು ಇನ್ನೊಮ್ಮೆ ನಗಬಹುದು.)

"ಯಾರು ಹೇಳಿದರೆ ಏನಂತೆ ಮಾರಾಯ, ಮಾತು ಮುಖ್ಯ" ಅನ್ನುತ್ತೀರಿ ಅಂತ ಗೊತ್ತು. ಆಫೀಸಿನಲ್ಲೂ ಇದೇ ಮಾತು ಕೇಳಿದೆ. ನಮ್ಮ ತಂಡದ ಹಿರಿಯರೊಬ್ಬರು ನೆಟ್‌ವರ್ಕ್ ಬಗ್ಗೆ ಒಂದು ಪ್ರೆಸೆಂಟೇಶನ್ ಕೊಟ್ಟರು. ಮೊದಲ ಸ್ಲೈಡಿನಲ್ಲಿ ಇದೇ ಕಾಫಿ, ಇದೇ ಎರ್ದೋಶ್. ಐದನೇ ಸ್ಲೈಡಿನಲ್ಲಿ 'ಎರ್ದೋಶ್-ರೇನ್ಯಿ ಮಾದರಿ' ಅಂತ ಬಂತು. ಕೊನೆಗೆ ಕೈ ಎತ್ತಿ, ಸಾರ್, ಮೊದಲ ಸ್ಲೈಡಿನ ಮಾತು ಐದನೇ ಸ್ಲೈಡಿನ ಎರಡನೇ ಹೆಸರಿನವನದ್ದು ಅಂದೆ. ಎಲ್ಲರೂ ನಕ್ಕರು. "ಅದು ಯಾರಿಗೆ ಗೊತ್ತು ಬಿಡಿ" ಅಂದರು ಅವರು. ಆವತ್ತು ನಾನೂ ನಕ್ಕೆ. ಮನೆಗೆ ಬಂದು ನೋಡಿದರೆ ನನ್ನ ಬ್ಲಾಗಿನ ನೆತ್ತಿಯ ಮೇಲೂ ಅದೇ ಸುಳ್ಳು. ಬೇರೆಯವರಿಗೆ ಪಾಠ ಹೇಳಲು ಹೊರಟ ನನ್ನ ಹಣೆಬರಹ ನೋಡಿ :-)

ಆದರೆ ನಾನು ಜಗಳ ತೆಗೆಯುತ್ತಿರುವುದು ಒಂದು ಕಾಫಿ ಮಾತಿಗಾಗಿ ಅಲ್ಲ. ನಮಗೆ ಎರ್ದೋಶ್ ಯಾಕೆ ಇಷ್ಟ? ಮನೆಯಿಲ್ಲ, ಮಠವಿಲ್ಲ, ಕೈಯಲ್ಲೊಂದು ಸೂಟ್‌ಕೇಸ್, ಊರೂರು ಅಲೆದು ಸುಮಾರು 1500 ಪ್ರಬಂಧ ಬರೆದವನು. ಸನ್ಯಾಸಿಯ ಹಾಗಿದ್ದಾನೆ. ಫಾರ್ವರ್ಡ್ ಮೇಲ್‌ಗೆ ಹೇಳಿ ಮಾಡಿಸಿದ ಹಾಗಿದ್ದಾನೆ. ರಾಮಾನುಜನ್ ವಿಷಯದಲ್ಲೂ ನಾವು ಹೀಗೇ: ದೇವಿ, ಕನಸು, ಹಾಲೆ ಹಾಳೆ ಸೂತ್ರ. ಆ ಸೂತ್ರಗಳಲ್ಲಿ ಒಂದನ್ನಾದರೂ ಅರ್ಥ ಮಾಡಿಕೊಳ್ಳುವ ಗೋಜಿಗೆ ಹೋಗದೆ ಮೈನವಿರೇಳಿಸಿಕೊಂಡು ಕೂರುವ ಸುಖ. ರೇನ್ಯಿಗೆ ಆಫೀಸಿತ್ತು, ಫೈಲುಗಳಿದ್ದವು, ಹೆಂಡತಿ ಮಗಳಿದ್ದರು, ಶಿಷ್ಯರಿದ್ದರು, ಮೀಟಿಂಗುಗಳಿದ್ದವು. ಅಂಥವನಿಂದ ದಂತಕಥೆ ಹುಟ್ಟುವುದಿಲ್ಲ. ಗಣಿತ ಮಾತ್ರ ಹುಟ್ಟುತ್ತದೆ.

ದಂತಕಥೆಯೇ ಬೇಕು ಅನ್ನುವವರಿಗೆ ಅವನ ಬದುಕಿನಲ್ಲಿ ಅದೂ ಇದೆ. ಹುಟ್ಟಿದ್ದು 1921ರ ಮಾರ್ಚ್ 20ರಂದು, ಬುಡಾಪೆಸ್ಟ್‌ನಲ್ಲಿ. ಅಪ್ಪ ಎಂಜಿನಿಯರ್, ತಾಯಿಯ ತಂದೆ ಬರ್ನಾತ್ ಅಲೆಕ್ಸಾಂಡರ್ ಹೆಸರಾಂತ ತತ್ತ್ವಶಾಸ್ತ್ರಜ್ಞ. 1939ರಲ್ಲಿ ಶಾಲೆ ಮುಗಿಸಿದಾಗ ಯಹೂದಿ ಅನ್ನುವ ಕಾರಣಕ್ಕೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ಹಡಗುಕಟ್ಟೆಯಲ್ಲಿ ಕೆಲಸ ಮಾಡಿದ. 1940ರಲ್ಲಿ ಹೇಗೋ ಸೀಟು ಸಿಕ್ಕಿ 1944ರಲ್ಲಿ ಓದು ಮುಗಿಸಿದ. ಅದೇ ವರ್ಷ ಬಲವಂತದ ದುಡಿಮೆಯ ಪಡೆಗೆ ಎಳೆದೊಯ್ದರು. ಅಲ್ಲಿಂದ ತಪ್ಪಿಸಿಕೊಂಡು ಸುಳ್ಳು ಕಾಗದಪತ್ರ ಇಟ್ಟುಕೊಂಡು ಆರು ತಿಂಗಳು ಬುಡಾಪೆಸ್ಟ್‌ನಲ್ಲೇ ತಲೆಮರೆಸಿಕೊಂಡಿದ್ದ. ಅಪ್ಪ ಅಮ್ಮ ಗೆಟ್ಟೋದಲ್ಲಿ ಸಿಕ್ಕಿಬಿದ್ದಿದ್ದರು. ಈತ ಎಲ್ಲಿಂದಲೋ ಒಂದು ಸೈನಿಕರ ಸಮವಸ್ತ್ರ ಹೊಂಚಿ, ತೊಟ್ಟುಕೊಂಡು, ನೆಟ್ಟಗೆ ಗೆಟ್ಟೋದ ಒಳಗೆ ನಡೆದು ಹೋಗಿ, ಅವರಿಬ್ಬರನ್ನೂ ಹೊರಗೆ ಕರೆದುಕೊಂಡು ಬಂದ. ಸಿಕ್ಕಿಬಿದ್ದಿದ್ದರೆ ಮೂವರಿಗೂ ಸಾವೇ. ವಯಸ್ಸು ಇಪ್ಪತ್ತಮೂರು. ಆ ವಯಸ್ಸಿನಲ್ಲಿ ನಾನು ಕ್ಯಾಂಪಸ್ ಇಂಟರ್‌ವ್ಯೂ ನೆನೆದು ಹೆದರುತ್ತಿದ್ದೆ.

ಯುದ್ಧ ಮುಗಿದ ಮೇಲೆ ಸೆಗೆಡ್‌ನಲ್ಲಿ ಫ್ರಿಗ್ಯೆಶ್ ರೀಸ್ ಬಳಿ ಡಾಕ್ಟರೇಟ್, 1946ರಲ್ಲಿ ಕಾತೋ ಜೊತೆ ಮದುವೆ (ಆಕೆಯೂ ಗಣಿತಜ್ಞೆ), ನಂತರ ಲೆನಿನ್‌ಗ್ರಾಡ್‌ಗೆ, ಯೂರಿ ಲಿನ್ನಿಕ್ ಹತ್ತಿರ. ಗೋಲ್ಡ್‌ಬಾಖ್ ಊಹೆ ಗೊತ್ತಲ್ಲ, ಎರಡಕ್ಕಿಂತ ದೊಡ್ಡ ಪ್ರತಿ ಸಮಸಂಖ್ಯೆಯೂ ಎರಡು ಅವಿಭಾಜ್ಯಗಳ ಮೊತ್ತ ಅನ್ನುವುದು. ಅಲ್ಲಿ ರೇನ್ಯಿ ಸಾಧಿಸಿದ್ದು: ಒಂದು ಅವಿಭಾಜ್ಯ, ಇನ್ನೊಂದು 'ಹೆಚ್ಚುಕಡಿಮೆ ಅವಿಭಾಜ್ಯ', ಅಂದರೆ ಅದರ ಅಪವರ್ತನಗಳ ಸಂಖ್ಯೆ ಒಂದು ನಿಶ್ಚಿತ ಮಿತಿ ದಾಟುವುದಿಲ್ಲ. ಆ ಮಿತಿಯನ್ನು ಎರಡಕ್ಕೆ ಇಳಿಸಿದ್ದು ಚೀನಾದ ಚೆನ್ ಜಿಂಗ್‌ರುನ್, ಪೂರ್ಣ ಸಾಧನೆ ಅಚ್ಚಾದದ್ದು 1973ರಲ್ಲಿ. ಇಂದಿಗೂ ಅದರಿಂದ ಮುಂದೆ ಯಾರೂ ಹೋಗಿಲ್ಲ. ಅಂದ ಹಾಗೆ, ಇದೇ ಲಿನ್ನಿಕ್ ಜೊತೆ ಸೇರಿ ಪುಸ್ತಕ ಬರೆದವರಲ್ಲಿ ಒಬ್ಬರು ಸಿ. ಆರ್. ರಾವ್, ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದವರು. 2023ರಲ್ಲಿ ತೀರಿಕೊಂಡರು. ಅವರ ಬಗ್ಗೆ ನಾವು ಎಷ್ಟು ಜನ ಎಷ್ಟು ಸಾಲು ಬರೆದಿದ್ದೇವೆ? ನಾನಂತೂ ಸೊನ್ನೆ.

ಈಗ ಐದನೇ ಸ್ಲೈಡಿಗೆ ಬರೋಣ. ಒಂದು ಕೋಣೆಯಲ್ಲಿ 1000 ಕಂಪ್ಯೂಟರ್ ಇವೆ ಅಂದುಕೊಳ್ಳಿ. ಕಣ್ಣು ಮುಚ್ಚಿ ಯಾವುದೋ ಎರಡನ್ನು ಆರಿಸಿ ಒಂದು ಕೇಬಲ್ ಹಾಕಿ. ಮತ್ತೆ ಇನ್ನೆರಡು, ಇನ್ನೊಂದು ಕೇಬಲ್. 400 ಕೇಬಲ್ ಹಾಕಿದ ಮೇಲೂ ಎಲ್ಲ ಪುಟ್ಟ ಪುಟ್ಟ ಗುಂಪುಗಳೇ. ಇನ್ನು ಬರೇ 200 ಸೇರಿಸಿ, 600 ಆದಾಗ ನೋಡಿದರೆ 300ರ ಆಸುಪಾಸಿನ ಕಂಪ್ಯೂಟರ್‌ಗಳು ಒಂದೇ ದೊಡ್ಡ ಗುಂಪಿಗೆ ಸೇರಿಹೋಗಿರುತ್ತವೆ! 1000 ಕೇಬಲ್ ಆಗುವ ಹೊತ್ತಿಗೆ ಆ ಗುಂಪಿನಲ್ಲಿ ಸುಮಾರು 800. ತಿರುವು ಇರುವುದು ಸರಿಯಾಗಿ 500ರಲ್ಲಿ, ಅಂದರೆ ಕಂಪ್ಯೂಟರ್‌ಗಳ ಅರ್ಧದಷ್ಟು ಕೇಬಲ್ ಆದಾಗ. ನೀರು ಮಂಜಾಗುವ ಹಾಗೆ. ಆದರೆ ಒಂದೂ ಹೊರಗುಳಿಯದೆ ಎಲ್ಲವೂ ಕೂಡಿಕೊಳ್ಳಬೇಕಾದರೆ ಸುಲಭವಿಲ್ಲ: 3454 ಕೇಬಲ್ ಹಾಕಿದಾಗಲೂ ಅದರ ಸಂಭವನೀಯತೆ ಸುಮಾರು ಶೇಕಡಾ 37 ಮಾತ್ರ. ಕೊನೆಯ ಒಂಟಿ ಕಂಪ್ಯೂಟರ್ ಕಾಡಿಸುತ್ತಲೇ ಇರುತ್ತದೆ. ನಂಬಿಕೆ ಬರದೆ ಪೈಥಾನ್‌ನಲ್ಲಿ ಮೂವತ್ತು ಸಾಲು ಬರೆದು ಓಡಿಸಿದೆ. ಪರದೆಯ ಮೇಲೆ ಆ ದೊಡ್ಡ ಗುಂಪು ದಿಢೀರನೆ ಎದ್ದು ಬಂದಾಗ ರಾತ್ರಿ ಒಂದೂವರೆ. ಎಬ್ಬಿಸಿ ತೋರಿಸೋಣವೆಂದರೆ ರೂಮ್‌ಮೇಟ್ ಬೈಯುತ್ತಾನೆ.

ಇದು ಎರ್ದೋಶ್ ಮತ್ತು ರೇನ್ಯಿ ಸೇರಿ 1959 ಮತ್ತು 1960ರಲ್ಲಿ ಪ್ರಕಟಿಸಿದ ಕೆಲಸ. ಒಟ್ಟಿಗೆ ಬರೆದ ಪ್ರಬಂಧಗಳೇ ಮೂವತ್ತಕ್ಕೂ ಹೆಚ್ಚು. ಆದರೂ ನಮ್ಮ ಬಾಯಲ್ಲಿ ಒಬ್ಬ ಮೇಧಾವಿ, ಇನ್ನೊಬ್ಬ ಅಡ್ಡಗೆರೆಯ ಆಚೆಗಿರುವ ಹೆಸರು. ನ್ಯಾಯ ಅಂತ ಕೂಗುವವನು ಪೂರ್ತಿ ನ್ಯಾಯ ಹೇಳಬೇಕು, ಹಾಗಾಗಿ ಇದನ್ನೂ ಹೇಳುತ್ತೇನೆ. ಪ್ರತಿ ಜೋಡಿಗೂ ನಾಣ್ಯ ಚಿಮ್ಮಿ ಕೇಬಲ್ ಹಾಕುವುದೋ ಬೇಡವೋ ಎಂದು ತೀರ್ಮಾನಿಸುವ ಮಾದರಿಯನ್ನು 1959ರಲ್ಲೇ ಎಡ್ಗರ್ ಗಿಲ್ಬರ್ಟ್ ಬೇರೆಯಾಗಿ ಬರೆದಿದ್ದ. ಇವತ್ತು ಅದನ್ನೂ ಎರ್ದೋಶ್-ರೇನ್ಯಿ ಅಂತಲೇ ಕರೆಯುತ್ತೇವೆ. ಹೆಸರು ಕಳೆದುಕೊಂಡ ರೇನ್ಯಿಯೇ ಇನ್ನೊಬ್ಬನ ಹೆಸರಿನ ಮೇಲೆ ಕೂತಿದ್ದಾನೆ, ಪಾಪ ಅವನದೇನೂ ತಪ್ಪಿಲ್ಲದೆ.

ಒಬ್ಬನೇ ಮಾಡಿದ ಕೆಲಸ ಬೇಕೇ? ರೇನ್ಯಿ ಎಂಟ್ರೊಪಿ ತಗೊಳ್ಳಿ. ಶಾನನ್ 1948ರಲ್ಲಿ ಮಾಹಿತಿಯನ್ನು ಅಳೆಯುವ ಕೋಲು ಕೊಟ್ಟ. 1960ರಲ್ಲಿ ಬರ್ಕ್ಲಿಯ ಸಮ್ಮೇಳನದಲ್ಲಿ ರೇನ್ಯಿ ಅಂಥ ಕೋಲುಗಳ ಇಡೀ ಕುಟುಂಬವನ್ನೇ ಮುಂದಿಟ್ಟ, ಶಾನನ್‌ನದು ಅದರಲ್ಲೊಂದು. ಯಾಕೆ ಬೇಕು? ಒಂದು ವೆಬ್‌ಸೈಟಿನಲ್ಲಿ ಅರ್ಧ ಜನ ಒಂದೇ ಪಾಸ್‌ವರ್ಡ್ ಇಟ್ಟಿದ್ದಾರೆ, ಉಳಿದರ್ಧ ಜನ 64 ಬಿಟ್‌ಗಳ ಯದ್ವಾತದ್ವಾ ಪಾಸ್‌ವರ್ಡ್ ಇಟ್ಟಿದ್ದಾರೆ ಅನ್ನಿ. ಶಾನನ್ ಲೆಕ್ಕದಲ್ಲಿ ಎಂಟ್ರೊಪಿ 33 ಬಿಟ್. ಭದ್ರವಾಗಿದೆ ಅಂತ ಮ್ಯಾನೇಜರ್ ಸಂತೋಷವಾಗಿ ಮನೆಗೆ ಹೋಗಬಹುದು. ಆದರೆ ಕಳ್ಳ ಒಂದೇ ಏಟಿಗೆ ಅರ್ಧ ಜನರ ಖಾತೆ ತೆರೆಯುತ್ತಾನಲ್ಲ! ರೇನ್ಯಿ ಕುಟುಂಬದ ಕೊನೆಯ ಕೋಲು ಅದನ್ನು ಸರಿಯಾಗಿ ಹೇಳುತ್ತದೆ: 1 ಬಿಟ್. ಗೂಢಲಿಪಿಯವರಿಗೆ ಇದು ದಿನಬಳಕೆಯ ಸಾಮಾನು.

ನಾನು ಎಂಜಿನಿಯರಿಂಗ್‌ನಲ್ಲಿ ಸಂಭವನೀಯತೆ ಓದಿದ್ದೇನೆ. ಓದಿದ್ದೇನೆ ಅಂದರೆ ಹಳೆಯ ಪ್ರಶ್ನೆಪತ್ರಿಕೆ ನೋಡಿ, ಎಂಟು ಅಂಕದ್ದು ಯಾವುದು ಬರುತ್ತದೆ, ಯಾವುದನ್ನು ಬಿಡಬಹುದು ಎಂದು ಲೆಕ್ಕ ಹಾಕಿ ಪಾಸಾಗಿದ್ದೇನೆ. ಪಾಠ ಮಾಡಿದವರೂ ಅದೇ ಲೆಕ್ಕದಲ್ಲಿದ್ದರು. ಯಾರೂ ಕೇಬಲ್ ಕಥೆ ಹೇಳಲಿಲ್ಲ, ಪಾಸ್‌ವರ್ಡ್ ಕಥೆ ಹೇಳಲಿಲ್ಲ. ನಾನೂ ಕೇಳಲಿಲ್ಲ ಅನ್ನಿ.

ಈಗ ನಿಜವಾಗಿ ನನ್ನ ಹೊಟ್ಟೆಯೊಳಗಿನ ಸಂಕಟ. ಇದು ನಮ್ಮ ಕನ್ನಡ ಬ್ಲಾಗಿಗರಿಗೇ. ರಸ್ತೆ ಬದಿಯಲ್ಲಿ ಕಾರುಗಳು ಮನಸ್ಸು ಬಂದಲ್ಲಿ ನಿಲ್ಲುತ್ತ ಹೋದರೆ, ಇನ್ನೊಂದು ಕಾರಿಗೆ ಜಾಗವೇ ಇಲ್ಲ ಅನ್ನುವಾಗ ರಸ್ತೆಯ ಎಷ್ಟು ಭಾಗ ತುಂಬಿರುತ್ತದೆ? ಕಾರುಗಳೆಲ್ಲ ಒಂದೇ ಉದ್ದ, ರಸ್ತೆ ತುಂಬಾ ಉದ್ದ ಅಂತಿಟ್ಟುಕೊಂಡರೆ ಸರಾಸರಿ ಶೇಕಡಾ 74.76. ನಾಲ್ಕನೇ ಒಂದು ಭಾಗ ದಂಡ. ಇದನ್ನು ರೇನ್ಯಿ 1958ರಲ್ಲಿ ಕಂಡುಹಿಡಿದು ಬರೆದದ್ದು ಇಂಗ್ಲಿಷಿನಲ್ಲಲ್ಲ, ಹಂಗೇರಿಯನ್ ಭಾಷೆಯಲ್ಲಿ, ತನ್ನದೇ ಸಂಸ್ಥೆಯ ಪತ್ರಿಕೆಯಲ್ಲಿ. ಬೇಕಾದವರು ಆಮೇಲೆ ಇಂಗ್ಲಿಷಿಗೆ ಅನುವಾದಿಸಿಕೊಂಡರು. ಸಂಭವನೀಯತೆಯ ದೊಡ್ಡ ಪಠ್ಯಪುಸ್ತಕವನ್ನೂ ಮೊದಲು ಬರೆದದ್ದು ಹಂಗೇರಿಯನ್‌ನಲ್ಲೇ, 1954ರಲ್ಲಿ. ಸಾಕ್ರೆಟಿಸ್, ಆರ್ಕಿಮಿಡೀಸ್, ಗೆಲಿಲಿಯೋ ಬಾಯಲ್ಲಿ ಗಣಿತ ಅಂದರೇನು ಎಂದು ಮಾತಾಡಿಸಿದ ಸಂಭಾಷಣೆಗಳ ಪುಸ್ತಕವೂ ಹಾಗೆಯೇ. ಪಾಸ್ಕಲ್ ಫರ್ಮಾನಿಗೆ ಬರೆದ ಪತ್ರಗಳು ಅಂತ ತಾನೇ ಕಲ್ಪಿಸಿ ಒಂದು ಪುಸ್ತಕ ಮಾಡಿದ. ಅದು ಎಷ್ಟು ಸಹಜವಾಗಿತ್ತೆಂದರೆ ಕೊನೆಗೆ ಓದುಗರಿಗೆ ತಾನೇ ಒಂದು ಪತ್ರ ಬರೆದು ಇದು ನನ್ನ ಕಲ್ಪನೆ ಅಂತ ಒಪ್ಪಿಕೊಳ್ಳಬೇಕಾಯಿತು.

ಆಗ ಇಡೀ ಹಂಗೇರಿಯ ಜನಸಂಖ್ಯೆ 1 ಕೋಟಿಗಿಂತ ಕಡಿಮೆ. 2011ರ ಜನಗಣತಿಯ ಪ್ರಕಾರ ಕನ್ನಡ ತಾಯ್ನುಡಿಯವರು 4.37 ಕೋಟಿ. ಆದರೂ "ಇದನ್ನೆಲ್ಲ ಕನ್ನಡದಲ್ಲಿ ಯಾರು ಓದ್ತಾರೆ" ಅನ್ನುತ್ತೇವೆ, ಮಳೆ, ಬಸ್ಸು, ಹಳೆಯ ಗೆಳತಿಯ ಬಗ್ಗೆ ನೂರನೇ ಪೋಸ್ಟ್ ಹಾಕುತ್ತೇವೆ. (ನನ್ನ ಬ್ಲಾಗಿನಲ್ಲೇ ಮಳೆಯ ಮೇಲೆ ಏಳು ಇವೆ, ಎಣಿಸಿದೆ.) "ಹಂಗೇರಿಗೆ ಸ್ವಂತ ದೇಶ, ಸ್ವಂತ ಸರ್ಕಾರ ಇತ್ತು, ನಮಗೇನಿದೆ" ಅನ್ನುವವರಿದ್ದಾರೆ. ವಾದ ಪೂರ್ತಿ ಸುಳ್ಳಲ್ಲ. ರೇನ್ಯಿ 1950ರಲ್ಲಿ ವಿಜ್ಞಾನ ಅಕಾಡೆಮಿಯ ಅಡಿಯಲ್ಲಿ ಗಣಿತ ಸಂಶೋಧನಾ ಸಂಸ್ಥೆ ಕಟ್ಟಿದಾಗ ಸರ್ಕಾರದ ಬೆಂಬಲ ಇತ್ತು, ಸಾಯುವವರೆಗೂ ಅವನೇ ನಿರ್ದೇಶಕ. ಆದರೆ ಪಾಸ್ಕಲ್‌ನ ಪತ್ರ ಬರೆಯಲು ಸರ್ಕಾರ ಬೇಕಿರಲಿಲ್ಲ. ಒಂದು ಮೇಜು ಬೇಕಿತ್ತು, ಮತ್ತೆ ಅದೇ ಕಾಫಿ. ನಮ್ಮ ಹತ್ತಿರ ಯೂನಿಕೋಡ್ ಇದೆ, ಪುಕ್ಕಟೆ ಬ್ಲಾಗಿದೆ, ಕಾಫಿಯಂತೂ ಚಿಕ್ಕಮಗಳೂರಿನದ್ದೇ ಇದೆ.

1969ರಲ್ಲಿ ಕಾತೋ ತೀರಿಕೊಂಡಳು. ಮರುವರ್ಷ ಫೆಬ್ರವರಿ 1ರಂದು ರೇನ್ಯಿಯೂ ಹೋದ. ವಯಸ್ಸು ಇನ್ನೂ ನಲವತ್ತೆಂಟು. ಸಂಸ್ಥೆಗೆ ಅವನ ಹೆಸರು ಇಟ್ಟದ್ದು 1999ರಲ್ಲಿ. ಬುಡಾಪೆಸ್ಟ್‌ನಲ್ಲಿ ಅದು ಈಗಲೂ ನಡೆಯುತ್ತಿದೆ.

ಅಡಿಬರಹದ ಜಾಗಕ್ಕೆ ರೇನ್ಯಿಯ ಹೆಸರು ಹಾಕಿ ಅದೇ ಮಾತನ್ನು ಮತ್ತೆ ಹಾಕಬಹುದಿತ್ತು. ಹಾಕಿಲ್ಲ. ಮುಂದಿನ ವಾರ ಕೇಬಲ್ ಪ್ರೋಗ್ರಾಮನ್ನು ಸಾಲು ಸಾಲಾಗಿ ಕನ್ನಡದಲ್ಲಿ ವಿವರಿಸಿ ಹಾಕುತ್ತೇನೆ. ತಪ್ಪಿದ್ದರೆ ಕಾಮೆಂಟಿನಲ್ಲಿ ಬೈಯಿರಿ, ಅನಾಮಿಕರಾಗಿ ಬೇಡ, ಹೆಸರು ಹಾಕಿ.