ಮೂರು ಸಲ ಹಾಡಿದರೆ ಮೂರು ಹಾಡು

‘ಇನ್ನೊಮ್ಮೆ ಹಾಡಿ’ ಎಂಬ ಮಾತಿಗೆ ಹಿಂದೆ ಬೆಲೆ ಬಹಳವಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿನ ಕಹಳೆಯ ಮುಂದೆ ಹಾಡಿದಾಗ, ಮೇಣದ ತಟ್ಟೆಯ ಮೇಲೆ ಸುಮಾರು ಮೂರು ನಿಮಿಷಗಳ ಹಾಡಿಗಷ್ಟೇ ಎಡೆ. ನಡುವೆ ಕೆಮ್ಮು ಬಂದರೆ ಆ ತಟ್ಟೆಯೇ ವ್ಯರ್ಥ. ಹೊಸದೊಂದನ್ನಿಟ್ಟು ಮೊದಲಿನಿಂದ ತೊಡಗಬೇಕು. ಮುಂದೆ ಟೇಪು ಬಂದಿತು. ಕತ್ತರಿಸಿ ಅಂಟಿಸುವ ವಿದ್ಯೆಯೂ ಜೊತೆಗೆ ಬಂದಿತು. ಈಗಂತೂ ಕಂಪ್ಯೂಟರಿನ ಯುಗ; ‘ಇನ್ನೊಮ್ಮೆ’ ಎಂಬುದು ಪುಕ್ಕಟೆಯಾಗಿದೆ.

ಸುರತ್ಕಲ್ಲಿನ ನಮ್ಮ ಕೇರಿಯಲ್ಲಿಯೂ ಮನೆಯ ಕೋಣೆಯಲ್ಲೇ ಧ್ವನಿಮುದ್ರಣ ಮಾಡುವ ತರುಣರಿದ್ದಾರೆ. ಒಂದೇ ಚರಣವನ್ನು ಯಂತ್ರವು ತಿರುತಿರುಗಿ ನಡೆಸುತ್ತದೆ; ಹಾಡಿದ ಪ್ರತಿಯೊಂದು ಸಲವನ್ನೂ ಒಂದರ ಕೆಳಗೊಂದು ಪದರವಾಗಿ ಇಡುತ್ತದೆ. ಇದಕ್ಕೆ ಅವರು ‘ಟೇಕ್’ ಎನ್ನುತ್ತಾರೆ. ಒಂದರಲ್ಲಿ ಕೊಂಕಣ ರೈಲಿನ ಕೂಗು, ಇನ್ನೊಂದರಲ್ಲಿ ಹಂಚಿನ ಮೇಲಿನ ಮಳೆ, ಮತ್ತೊಂದರಲ್ಲಿ ಪಕ್ಕದ ಮನೆಯ ಕುಕ್ಕರಿನ ಸೀಟಿ! ಮೂರನೆಯ ಟೇಕಿನಿಂದ ಮೊದಲ ಸಾಲು, ಐದನೆಯದರಿಂದ ಎರಡನೆಯ ಸಾಲು ಆಯ್ದು, ಉಸಿರೆಳೆಯುವ ಎಡೆಯಲ್ಲಿ ಬೆಸೆದರೆ ಹೊಲಿಗೆ ಕಾಣಿಸದು. ಒಂದು ಕುಗ್ಗುತ್ತ ಮತ್ತೊಂದು ಏರುವಂತೆ ಮಾಡುವುದೇ ಅದರ ಗುಟ್ಟು. ಮೈಕಿನ ದೂರ ಬದಲಾಗಕೂಡದು. ಬೆಳಗಿನ ಕಂಠಕ್ಕೆ ಸಂಜೆಯ ಕಂಠವನ್ನು ಬೆಸೆಯಹೋದರೆ ಕಿವಿ ಕೂಡಲೇ ಕಂಡುಹಿಡಿಯುತ್ತದೆ.

ಸಿನಿಮಾ ಹಾಡಿಗೂ ಭಜನೆಗೂ ಈ ವಿದ್ಯೆ ಒಳ್ಳೆಯದೇ. ತೊಡಕು ಹುಟ್ಟುವುದು ಅಜ್ಜಿಯರು ಹಾಡತೊಡಗಿದಾಗ. ನನ್ನ ವಿದ್ಯಾರ್ಥಿಯೊಬ್ಬ ತನ್ನ ಅಜ್ಜಿಯ ಪಾಡ್ದನವೊಂದನ್ನು ಮೂರು ಸಲ ಹಾಡಿಸಿದ. ಒಂದೊಂದು ಸಲವೂ ಸಾಲುಗಳು ಬೇರೆ.

“ಅಜ್ಜೀ, ಮೊದಲು ಹೀಗೆ ಹಾಡಲಿಲ್ಲವಲ್ಲ ನೀವು?”

“ಆಗ ಹಾಗೆ ಬಂತು ಮಗಾ, ಈಗ ಹೀಗೆ ಬಂತು.”

ಹುಡುಗ ಗೊಂದಲಕ್ಕೊಳಗಾದ. ಚೆನ್ನಾದ ಸಾಲುಗಳನ್ನು ಹೆಕ್ಕಿ ಒಂದಾಗಿಸಿ, ಉಳಿದುದನ್ನು ಅಳಿಸಲೇ ಎಂದು ನನ್ನನ್ನು ಕೇಳಿದ. ಕೂಡದೆಂದೆ.

ಕಾರಣವುಂಟು. 1990ರಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಅವರು, ಮಂಗಳೂರು ವಿಶ್ವವಿದ್ಯಾನಿಲಯದ ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರೊಡಗೂಡಿ, ಉಜಿರೆಯ ಬಳಿಯ ಮಾಚಾರಿನ ಗೋಪಾಲ ನಾಯ್ಕರಿಂದ ಸಿರಿ ಪಾಡ್ದನವನ್ನು ಹಾಡಿಸಿ ಮುದ್ರಿಸಿಕೊಂಡರು. 1998ರಲ್ಲಿ ಅದು ಅಚ್ಚಾದಾಗ ಸಾಲುಗಳು 15,683! ನಾಯ್ಕರು ಇಷ್ಟನ್ನೂ ಪುಸ್ತಕದಂತೆ ಬಾಯಿಪಾಠ ಮಾಡಿದವರಲ್ಲ. ಕತೆಯ ಹಂದರವೂ ಸಿದ್ಧ ನುಡಿಗಟ್ಟುಗಳೂ ಮನಸ್ಸಿನಲ್ಲಿದ್ದು, ಹಾಡಿದಂತೆಲ್ಲ ಹಾಡು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಸಮಯ, ಕೇಳುವವರು, ಸಂದರ್ಭ ಇವುಗಳಿಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ.

ಹೀಗಿರುವಾಗ ಅಜ್ಜಿಯ ಮೂರು ಟೇಕುಗಳಲ್ಲಿ ತಪ್ಪು ಯಾವುದು, ಸರಿ ಯಾವುದು? ಮೂರೂ ಹಾಡುಗಳೇ. ಮೂರನ್ನೂ ಕತ್ತರಿಸಿ ಬೆಸೆದರೆ ದೊರೆಯುವುದು ಅಜ್ಜಿ ಎಂದೂ ಹಾಡದ ನಾಲ್ಕನೆಯ ಹಾಡು. ಅಂದವಾಗಿರಬಹುದು, ಆದರೆ ಅವರದಲ್ಲ.

ನೇಜಿ ನೆಡುವಾಗ ಹೆಂಗಸರು ಪಾಡ್ದನ ಹಾಡುತ್ತಿದ್ದ ಗದ್ದೆಗಳು ನಮ್ಮ ಈ ಕಡೆ ವಿರಳವಾಗಿವೆ. ಪಣಂಬೂರಿನ ಬಂದರು, ಬೈಕಂಪಾಡಿಯ ಕಾರಖಾನೆಗಳು, ಹೆದ್ದಾರಿ ಇವುಗಳ ನಡುವೆ ಬೆಳೆದ ಮೊಮ್ಮಕ್ಕಳಿಗೆ ಆ ಹಾಡು ಉಳಿದಿರುವುದು ಅಜ್ಜಿಯ ಗಂಟಲಲ್ಲಿ ಮಾತ್ರ. ಜಾಗದ ಚಿಂತೆಯಂತೂ ಬೇಡ. ಸಿ.ಡಿ.ಯ ಗುಣಮಟ್ಟದಲ್ಲಿ ಒಂದೇ ಮೈಕಿನಿಂದ ಐದು ನಿಮಿಷಗಳ ಹಾಡನ್ನು ಹತ್ತು ಸಲ ಮುದ್ರಿಸಿದರೂ ಸುಮಾರು 265 ಮೆಗಾಬೈಟು. ಬೆರಳುದ್ದದ ಪೆನ್‌ಡ್ರೈವಿನ ಮೂಲೆಗೂ ಸಾಲದು.

ಆದುದರಿಂದ ವಾಚಕರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯ ಹಿರಿಯರು ಹಾಡಿದರೆ ಪ್ರತಿಯೊಂದು ಸಲವನ್ನೂ ಹಾಗೆಯೇ ಉಳಿಸಿರಿ. ಹೆಸರು, ಊರು, ದಿನಾಂಕ ಬರೆದಿಡಿರಿ. ಎರಡು ಕಡೆ ಪ್ರತಿ ಇರಲಿ. ನಡುವೆ ಅವರು ನಿಲ್ಲಿಸಿ “ಇದನ್ನು ನನ್ನ ಅಮ್ಮ ಬೇರೆ ರೀತಿ ಹೇಳುತ್ತಿದ್ದಳು” ಎಂದರೆ ಅದನ್ನೂ ಅಳಿಸದಿರಿ. ಕತ್ತರಿ ಪ್ರಯೋಗಕ್ಕೆ ಇನ್ನೊಂದು ಪ್ರತಿಯಿದೆ. ಯಂತ್ರಕ್ಕೆ ‘ಇನ್ನೊಮ್ಮೆ’ ಎಂಬುದು ಎಂದಿಗೂ ಮುಗಿಯದು, ಹಾಡುವವರಿಗೆ ಹಾಗಲ್ಲ.